ಜಮೀನಿನ ಮರ ಉರುಳಿಸುವುದು: ಚೈನ್‌ಗೆ ಅರ ಹಾಕುವುದರಿಂದ ಬೊಡ್ಡೆ ಚಿಗುರುವವರೆಗೆ

ಚೈನ್ ಸಾ ಕೊಳ್ಳುವವರು ಮೊದಲು ಕೇಳುವುದು ಬಾರ್ (ಚೈನ್ ಸುತ್ತುವ ಉದ್ದನೆಯ ಉಕ್ಕಿನ ಪಟ್ಟಿ) ಎಷ್ಟು ಇಂಚು, ಎಷ್ಟು ದಪ್ಪದ ಮರ ಕೊಯ್ಯುತ್ತದೆ ಅಂತ. ಕೊಯ್ಯುವುದು ಅಂಥ ಕಷ್ಟದ ಕೆಲಸವೇನಲ್ಲ. ಚೈನ್ ಹರಿತವಾಗಿದ್ದರೆ ಮಷಿನ್ ತಾನಾಗಿ ಇಳಿಯುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಕಷ್ಟ. ಮರ ನೀವು ತೋರಿಸಿದ ಕಡೆಗೆ ಬೀಳುವುದು ಬುಡದಲ್ಲಿ ಕೊಯ್ಯದೆ ಉಳಿಸಿದ ಸಣ್ಣದೊಂದು ಪಟ್ಟಿಯಿಂದ. ಕೊಂಬೆ ಕಡಿದ ಗಾಯ ಮುಚ್ಚಿಕೊಳ್ಳುವುದು ಕೊಂಬೆಯ ಬುಡದಲ್ಲಿ ಬಿಟ್ಟ ಉಬ್ಬಿನಿಂದ. ಹಾಗಾಗಿ ಕೊಯ್ಯುವುದಕ್ಕಿಂತ ಉಳಿಸುವುದರ ಬಗ್ಗೆಯೇ ಇಲ್ಲಿ ಜಾಸ್ತಿ ಬರೆದಿದ್ದೇನೆ.

ಇದು ಸ್ವಂತ ಜಮೀನು, ಮಧ್ಯಮ ಗಾತ್ರದ ಮಷಿನ್, 40 ಸೆಂ.ಮೀ. ಒಳಗಿನ ದಪ್ಪದ ಮರ ಇಟ್ಟುಕೊಂಡವರಿಗೆ. ಮರ ನಿಮ್ಮದೇ ಆದರೂ ಕಡಿಯಲು ಅನುಮತಿ ಬೇಕಾಗಬಹುದು. ಅದನ್ನು ಮೊದಲೇ ವಿಚಾರಿಸಿಕೊಳ್ಳಿ.

ಕೈ ಹಾಕಬಾರದ ಮರಗಳು

ಕೆಲವು ಮರಗಳನ್ನು ಅನುಭವ ಇದ್ದವರಿಗೇ ಬಿಡಬೇಕು. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

ವಿದ್ಯುತ್ ತಂತಿಗೆ ತಾಗುವಷ್ಟು ದೂರದಲ್ಲಿ ಇರುವ ಮರ ಮೊದಲನೆಯದು. ಲೈನ್ ಆಫ್ ಮಾಡಿಸದೆ ಅದರ ಹತ್ತಿರವೂ ಹೋಗಬೇಡಿ. ಹಸಿ ಮರ ತಂತಿಗೆ ತಾಗಿದರೆ ಅದರಲ್ಲಿ ಕರೆಂಟ್ ಹರಿಯುತ್ತದೆ. ಸುತ್ತಲಿನ ನೆಲದಲ್ಲೂ ಹರಿಯಬಹುದು. ಮನೆ, ರಸ್ತೆಗೆ ವಾಲಿದ ಮರವೂ ಈ ಪಟ್ಟಿಗೆ ಸೇರುತ್ತದೆ. ಬಾರ್‌ನ ಉದ್ದಕ್ಕಿಂತ ದಪ್ಪಗಿರುವ ಮರವೂ ಅಷ್ಟೆ.

ಒಣಗಿದ ಮರವನ್ನು ಹಗುರವಾಗಿ ತೆಗೆದುಕೊಳ್ಳುವವರು ಜಾಸ್ತಿ. ಎಲೆಯಿಲ್ಲ, ಭಾರವಿಲ್ಲ, ಸುಲಭ ಅನ್ನಿಸುತ್ತದೆ. ಆದರೆ ಒಣ ಮರದ ನಾರಿಗೆ ಬಾಗುವ ಗುಣ ಇರುವುದಿಲ್ಲ. ಬುಡದಲ್ಲಿ ಉಳಿಸಿದ ಪಟ್ಟಿ ಬಾಗುವ ಮೊದಲೇ ಪಟಕ್ಕನೆ ಮುರಿಯುತ್ತದೆ. ಮಷಿನ್‌ನ ನಡುಕಕ್ಕೇ ಮೇಲಿನ ಒಣ ಕೊಂಬೆ ಕಳಚಿ ತಲೆ ಮೇಲೆ ಬೀಳಬಹುದು. ಬುಡದಲ್ಲಿ ಅಣಬೆ ಎದ್ದಿದ್ದರೆ, ಗೆದ್ದಲು ಹತ್ತಿದ್ದರೆ, ಪೊಟರೆ ಕಂಡರೆ ಕೊಡಲಿಯ ಹಿಂಭಾಗದಿಂದ ಸುತ್ತಲೂ ಬಡಿದು ನೋಡಿ. ಗಟ್ಟಿ ಮರ ಠಣ್ ಅನ್ನುತ್ತದೆ, ಟೊಳ್ಳು ಮರ ದೊಬ್ ಅನ್ನುತ್ತದೆ. ದೊಬ್ ಅಂದರೆ ಬಿಟ್ಟುಬಿಡಿ.

ಬೇಲಿಯ ಮರಗಳಲ್ಲಿ ಇನ್ನೊಂದು ತಾಪತ್ರಯ ಇದೆ. ಹಿಂದೆಂದೋ ಹೊಡೆದ ಮೊಳೆ, ಸುತ್ತಿದ ಮುಳ್ಳುತಂತಿಯನ್ನು ಮರ ನುಂಗಿಬಿಟ್ಟಿರುತ್ತದೆ. ತೊಗಟೆಯ ಮೇಲೆ ಅಡ್ಡ ಗೆರೆ ಅಥವಾ ಕಪ್ಪು ಕಲೆ ಕಂಡರೆ ಅಲ್ಲಿ ಬಾರ್ ಇಡಬೇಡಿ.

ಮೈಮೇಲೆ ಇರಬೇಕಾದ್ದು

ಹೆಲ್ಮೆಟ್, ಮುಖಕ್ಕೆ ಜಾಲರಿ, ಕಿವಿಗೆ ಮಫ್, ಗಟ್ಟಿ ಬೂಟು, ಕೈಗವಸು. ಪೆಟ್ರೋಲ್ ಮಷಿನ್‌ನ ಶಬ್ದ 100 ಡೆಸಿಬಲ್ ದಾಟುತ್ತದೆ, ಹತ್ತಿ ತುರುಕಿಕೊಂಡರೆ ಸಾಲದು. ಇವೆಲ್ಲಕ್ಕಿಂತ ಮುಖ್ಯ ಚೈನ್ ಸಾಗೆಂದೇ ಮಾಡಿದ ಪ್ಯಾಂಟ್ ಅಥವಾ ಕಾಲುಹೊದಿಕೆ. ಇದರೊಳಗೆ ಉದ್ದುದ್ದ ನಾರಿನ ಪದರಗಳಿರುತ್ತವೆ. ಚೈನ್ ತಾಗಿದ ಕೂಡಲೇ ನಾರು ಎಳೆದುಕೊಂಡು ಚೈನ್ ತಿರುಗಿಸುವ ಹಲ್ಲುಚಕ್ರಕ್ಕೆ (ಸ್ಪ್ರಾಕೆಟ್) ಸುತ್ತಿ ಚೈನ್ ನಿಲ್ಲಿಸುತ್ತದೆ. ಪೂರ್ತಿ ವೇಗದಲ್ಲಿ ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಆ ವೇಗದ ಮುಂದೆ ಲುಂಗಿ, ಜೀನ್ಸ್ ಎರಡೂ ಒಂದೇ.

ಒಬ್ಬರೇ ಹೋಗಬೇಡಿ. ಜೊತೆಗಿರುವವರು ಕೂಗಿದರೆ ಕೇಳುವಷ್ಟು ಹತ್ತಿರ ಇರಬೇಕು. ಆದರೆ ಮರದ ಎತ್ತರದ ಎರಡರಷ್ಟು ದೂರದಲ್ಲಿ ನಿಂತಿರಬೇಕು.

ಚೈನ್‌ಗೆ ಅರ ಹಾಕುವುದು

ಇಲ್ಲಿ ಸ್ವಲ್ಪ ನಿಧಾನಿಸೋಣ. ಮಷಿನ್‌ಗೆ ಶಕ್ತಿ ಸಾಲುತ್ತಿಲ್ಲ ಅನ್ನುವ ದೂರುಗಳಲ್ಲಿ ಹೆಚ್ಚಿನವು ಮೊಂಡಾದ ಚೈನ್‌ನವು. ಮೊಂಡು ಚೈನ್ ಇದ್ದರೆ ಕೈಯಿಂದ ಒತ್ತಬೇಕಾಗುತ್ತದೆ. ಒತ್ತಿದರೆ ಹಿಡಿತ ತಪ್ಪುತ್ತದೆ, ಬಾರ್ ಕಾಯುತ್ತದೆ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಲು ಆಗುವುದಿಲ್ಲ. ಗುರುತಿಸುವುದು ಸುಲಭ: ಹರಿತ ಚೈನ್ ಚಕ್ಕೆ ಉದುರಿಸುತ್ತದೆ, ಮೊಂಡು ಚೈನ್ ಹಿಟ್ಟಿನಂಥ ಪುಡಿ ಉದುರಿಸುತ್ತದೆ. ಕೊಯ್ತ ಒಂದೇ ಕಡೆಗೆ ಸೊಟ್ಟಗೆ ಹೋಗುತ್ತಿದ್ದರೆ ಒಂದು ಬದಿಯ ಹಲ್ಲುಗಳು ಇನ್ನೊಂದು ಬದಿಗಿಂತ ಮೊಂಡಾಗಿವೆ ಅಂತ ಅರ್ಥ.

ಈಗಿನ ಚೈನ್‌ನ ಬಾಗಿದ ಹಲ್ಲಿನ ಮೂಲ ಒಂದು ಹುಳು. 1946ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಬ್ಯೂಫೋರ್ಡ್ ಕಾಕ್ಸ್, ಬೊಡ್ಡೆಯೊಂದರಲ್ಲಿ ಮರಕೊರಕ ದುಂಬಿಯ ಮರಿಹುಳು ಮರ ಕೊರೆಯುವುದನ್ನು ಗಮನಿಸಿದ. ಅದರ ಬಾಗಿದ ದವಡೆಗಳು ಎಡಕ್ಕೆ, ಬಲಕ್ಕೆ ಹೀಗೆ ಬದಲಿಸಿ ಕೆರೆಯುತ್ತಿದ್ದವು. ಅದನ್ನೇ ಉಕ್ಕಿನಲ್ಲಿ ಮಾಡಿ ಮರುವರ್ಷ ಮಾರಾಟಕ್ಕೆ ತಂದ. ಇವತ್ತಿಗೂ ಚೈನ್‌ನಲ್ಲಿ ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ ಇರುತ್ತದೆ. ಹಾಗಾಗಿ ಅರವನ್ನೂ ಎರಡು ಕಡೆಯಿಂದ ಹಾಕಬೇಕು.

ಮೊದಲು ಸರಿಯಾದ ಗಾತ್ರದ ದುಂಡು ಅರ ಬೇಕು. ಪಿಚ್ ಅಂದರೆ ಚೈನ್ ಕೊಂಡಿಗಳ ಅಳತೆ, ಇಂಚಿನಲ್ಲಿ. .325 ಪಿಚ್ ಚೈನ್‌ಗೆ 4.8 ಮಿ.ಮೀ., ಸಣ್ಣ ಮಷಿನ್‌ಗಳ ಲೋ-ಪ್ರೊಫೈಲ್ 3/8 ಚೈನ್‌ಗೆ 4 ಮಿ.ಮೀ. ದೊಡ್ಡ 3/8ಕ್ಕೆ ಕಂಪನಿಯನ್ನು ನೋಡಿಕೊಂಡು 5.2 ಅಥವಾ 5.5. ಮಷಿನ್ ಜೊತೆ ಬಂದ ಪುಸ್ತಕದಲ್ಲಿ ಇದು ಇದ್ದೇ ಇರುತ್ತದೆ.

ಬಾರನ್ನು ಅಲ್ಲಾಡದಂತೆ ವೈಸ್‌ಗೆ ಅಥವಾ ಬೊಡ್ಡೆಗೆ ಕಚ್ಚಿಸಿ. ಎಲ್ಲಕ್ಕಿಂತ ಗಿಡ್ಡಗೆ ಸವೆದ ಹಲ್ಲನ್ನು ಹುಡುಕಿ ಬಣ್ಣದ ಗುರುತು ಹಾಕಿ. ಅಲ್ಲಿಂದ ಶುರು ಮಾಡಿ, ಉಳಿದ ಎಲ್ಲ ಹಲ್ಲನ್ನೂ ಅದೇ ಉದ್ದಕ್ಕೆ ತನ್ನಿ. ಹೆಚ್ಚಿನ ಚೈನ್‌ಗಳಲ್ಲಿ ಹಲ್ಲಿನ ನೆತ್ತಿಯ ಮೇಲೆ ಓರೆ ಗೆರೆ ಇರುತ್ತದೆ, ಸಾಮಾನ್ಯವಾಗಿ 30 ಡಿಗ್ರಿ. ಅರ ಆ ಗೆರೆಗೆ ಸಮನಾಗಿ ಓಡಬೇಕು. ಅರದ ದಪ್ಪದ ಐದನೇ ಒಂದು ಭಾಗ ಹಲ್ಲಿನ ನೆತ್ತಿಗಿಂತ ಮೇಲೆ ಕಾಣುತ್ತಿರಬೇಕು. ಒಳಗಿನಿಂದ ಹೊರಕ್ಕೆ ತಳ್ಳಿ, ವಾಪಸ್ ಎಳೆಯುವಾಗ ಎತ್ತಿಬಿಡಿ. ಹಿಂದಕ್ಕೆ ಉಜ್ಜಿದರೆ ಅರವೂ ಹಾಳು, ಹಲ್ಲೂ ಹಾಳು. ಎಲ್ಲ ಹಲ್ಲಿಗೂ ಅಷ್ಟೇ ಸಲ, ಅಷ್ಟೇ ಒತ್ತಡ. ಹಲ್ಲಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಬೆಳ್ಳಗೆ ಮಿನುಗುವ ಗೆರೆ ಕಂಡರೆ ಅಲ್ಲಿ ಇನ್ನೂ ಮೊಂಡು ಉಳಿದಿದೆ. ಹರಿತವಾದ ಅಂಚು ಬೆಳಕನ್ನು ವಾಪಸ್ ಕೊಡುವುದಿಲ್ಲ.

ಪ್ರತಿ ಹಲ್ಲಿನ ಮುಂದೆ ಒಂದು ಗಿಡ್ಡ ಮೊನೆ ಇರುತ್ತದೆ. ಹಲ್ಲು ಒಂದು ಸಲಕ್ಕೆ ಎಷ್ಟು ಆಳ ಕಚ್ಚಬೇಕು ಅಂತ ತಡೆಯುವುದು ಅದೇ. ಅದು ಹಲ್ಲಿನ ನೆತ್ತಿಗಿಂತ ಸುಮಾರು 0.65 ಮಿ.ಮೀ. ಕೆಳಗಿರಬೇಕು. ನಾಲ್ಕೈದು ಸಲ ಅರ ಹಾಕಿದ ಮೇಲೆ ಗೇಜ್ ಇಟ್ಟು ಚಪ್ಪಟೆ ಅರದಿಂದ ಸರಿ ಮಾಡಿ. ಕಣ್ಣಂದಾಜಿನಲ್ಲಿ ಉಜ್ಜಬೇಡಿ. ಜಾಸ್ತಿ ತಗ್ಗಿಸಿದರೆ ಚೈನ್ ಮರವನ್ನು ಗಬಕ್ಕನೆ ಕಚ್ಚುತ್ತದೆ, ಮಷಿನ್ ಕಿಕ್ ಹೊಡೆಯುವುದು, ಅಂದರೆ ಬಾರ್ ನಿಮ್ಮ ಕಡೆಗೆ ಜಿಗಿಯುವುದು, ಹೆಚ್ಚುತ್ತದೆ.

ಎಣ್ಣೆ, ಬಿಗಿ, ಸ್ಟಾರ್ಟ್

ಟೂ-ಸ್ಟ್ರೋಕ್ ಎಂಜಿನ್‌ಗೆ ಪೆಟ್ರೋಲ್ ಜೊತೆ ಆಯಿಲ್ ಬೆರೆಸಬೇಕು. 50:1 ಅಂದರೆ ಲೀಟರ್‌ಗೆ 20 ಮಿ.ಲೀ., 40:1 ಅಂದರೆ 25, 25:1 ಅಂದರೆ 40. ನಿಮ್ಮ ಮಷಿನ್‌ಗೆ ಯಾವುದು ಅಂತ ಪುಸ್ತಕದಲ್ಲಿ ನೋಡಿ. ತಿಂಗಳಿಗಾಗುವಷ್ಟೇ ಬೆರೆಸಿ. ಎಥನಾಲ್ ಇರುವ ಪೆಟ್ರೋಲ್ ಗಾಳಿಯ ತೇವ ಹೀರುತ್ತದೆ. ಹಳೆಯದಾದರೆ ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತದೆ. ಎಂಜಿನ್ ತಣ್ಣಗಾದ ಮೇಲೆ ತುಂಬಿಸಿ, ತುಂಬಿಸಿದ ಜಾಗದಿಂದ 3 ಮೀಟರ್ ಆಚೆ ಹೋಗಿ ಸ್ಟಾರ್ಟ್ ಮಾಡಿ.

ಬಾರ್‌ಗೆ ಹೋಗುವ ಚೈನ್ ಆಯಿಲ್ ಬೇರೆ. ಅದು ಬರುತ್ತಿದೆಯೇ ಅಂತ ತಿಳಿಯಲು ಬಾರ್‌ನ ತುದಿಯನ್ನು ತಿಳಿ ಬಣ್ಣದ ಬೊಡ್ಡೆಯೊಂದರ ಹತ್ತಿರ ಹಿಡಿದು ಆಕ್ಸಿಲರೇಟರ್ ಕೊಡಿ. ಸಣ್ಣ ಎಣ್ಣೆ ಗೆರೆ ಬೀಳಬೇಕು.

ಚೈನ್‌ನ ಬಿಗಿ ಹೇಗಿರಬೇಕೆಂದರೆ ಬಾರ್‌ನ ಕೆಳಗೆ ಜೋಲಬಾರದು, ಆದರೆ ಕೈಯಲ್ಲಿ ಎಳೆದರೆ ಸಲೀಸಾಗಿ ಸುತ್ತಬೇಕು. ಕೆಲಸ ಮಾಡುವಾಗ ಚೈನ್ ಕಾದು ಹಿಗ್ಗುತ್ತದೆ, ಆಗ ಬಿಗಿ ಮಾಡುತ್ತೇವೆ. ಕೆಲಸ ಮುಗಿದ ಮೇಲೆ ಮತ್ತೆ ಸಡಿಲ ಮಾಡಿ. ಇಲ್ಲದಿದ್ದರೆ ತಣ್ಣಗಾದಾಗ ಕುಗ್ಗಿ ಕ್ರ್ಯಾಂಕ್ ಮತ್ತು ಬೇರಿಂಗ್ ಮೇಲೆ ಎಳೆತ ಬೀಳುತ್ತದೆ.

ಚೈನ್ ಬ್ರೇಕ್ ಹಾಕಿ, ಮಷಿನ್ ನೆಲದ ಮೇಲಿಟ್ಟು, ಹಿಂದಿನ ಹಿಡಿಯೊಳಗೆ ಬೂಟಿನ ಮೂತಿ ಇಟ್ಟು ಹಗ್ಗ ಎಳೆಯಿರಿ. ಗಾಳಿಯಲ್ಲಿ ಎತ್ತಿ ಹಿಡಿದು ಸ್ಟಾರ್ಟ್ ಮಾಡುವ ಶೋಕಿ ಬೇಡ.

ಇನ್ನು ಕಿಕ್. ಬಾರ್‌ನ ತುದಿಯ ಮೇಲಿನ ಕಾಲುಭಾಗ ಎಲ್ಲಾದರೂ ತಾಗಿದರೆ ಬಾರ್ ಮೇಲಕ್ಕೆ, ನಿಮ್ಮ ಮುಖದ ಕಡೆಗೆ ಜಿಗಿಯುತ್ತದೆ. ತಪ್ಪಿಸಿಕೊಳ್ಳಲು ಟೈಮೇ ಇರುವುದಿಲ್ಲ. ಆದ್ದರಿಂದ ಎಡಗೈ ಹೆಬ್ಬೆರಳು ಮುಂದಿನ ಹಿಡಿಯನ್ನು ಸುತ್ತಿ ಹಿಡಿದಿರಬೇಕು, ಎಡ ಮೊಣಕೈ ಹೆಚ್ಚು ಬಾಗಿರಬಾರದು, ತಲೆ ಬಾರ್‌ನ ನೇರಕ್ಕೆ ಇರಬಾರದು. ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯಬಾರದು. ಏಣಿ ಹತ್ತಿ ಚೈನ್ ಸಾ ಹಿಡಿಯುವುದಂತೂ ಬೇಡವೇ ಬೇಡ.

ಮರವನ್ನು ಓದುವುದು

ಮಷಿನ್ ಬದಿಗಿಟ್ಟು ಮರದ ಸುತ್ತ ಒಂದು ಸುತ್ತು ಹಾಕಿ. ದೂರ ಹೋಗಿ ಎರಡು ದಿಕ್ಕಿನಿಂದ ನೋಡಿ, ಒಂದಕ್ಕೊಂದು ಅಡ್ಡವಾದ ದಿಕ್ಕುಗಳಿಂದ. ಒಂದು ಕಡೆಯಿಂದ ನೆಟ್ಟಗೆ ಕಂಡ ಮರ ಇನ್ನೊಂದು ಕಡೆಯಿಂದ ವಾಲಿರುತ್ತದೆ. ದಾರಕ್ಕೆ ಕಲ್ಲು ಕಟ್ಟಿ ಕಣ್ಣ ಮುಂದೆ ತೂಗಿಬಿಟ್ಟರೆ ಎಷ್ಟು ವಾಲಿದೆ ಅಂತ ಚೆನ್ನಾಗಿ ತಿಳಿಯುತ್ತದೆ. ಕಾಂಡ ನೆಟ್ಟಗಿದ್ದರೂ ಕೊಂಬೆಗಳೆಲ್ಲ ಒಂದೇ ಕಡೆಗಿದ್ದರೆ ಭಾರ ಅತ್ತ ಕಡೆಯೇ. ಗಾಳಿ ಬೀಸುತ್ತಿದ್ದರೆ ಅವತ್ತು ಮರ ಉರುಳಿಸಬೇಡಿ.

ಎತ್ತರ ತಿಳಿಯಲು ಒಂದು ಕೋಲು ಸಾಕು. ಕಣ್ಣಿನಿಂದ ಚಾಚಿದ ಕೈಯ ಮುಷ್ಟಿಯವರೆಗೆ ಎಷ್ಟು ದೂರವೋ ಅಷ್ಟೇ ಉದ್ದದ ಕೋಲನ್ನು ಮುಷ್ಟಿಯ ಮೇಲೆ ನೆಟ್ಟಗೆ ಹಿಡಿಯಿರಿ. ಕೋಲಿನ ಬುಡ ಮರದ ಬುಡಕ್ಕೂ ಕೋಲಿನ ತುದಿ ಮರದ ತುದಿಗೂ ಸರಿಯಾಗಿ ಕಾಣುವವರೆಗೆ ಹಿಂದೆ ಸರಿಯಿರಿ. ಸಮತಟ್ಟು ನೆಲದಲ್ಲಿ ಆಗ ನಿಮಗೂ ಮರಕ್ಕೂ ಇರುವ ದೂರವೇ ಮರದ ಎತ್ತರ. ನೀವು ನಿಂತ ಜಾಗದವರೆಗೆ ತುದಿ ಬಂದು ಬೀಳುತ್ತದೆ ಅಂತಾಯಿತು, ಅಲ್ವಾ? ಅದರ ಮೇಲೆ ಇನ್ನಷ್ಟು ಜಾಗ ಬಿಡಿ.

ಆಮೇಲೆ ಓಡುವ ದಾರಿ. ಮರ ಬೀಳುವ ದಿಕ್ಕಿಗೆ ನೇರ ಹಿಂದಕ್ಕೆ ಓಡಬಾರದು, ಬುಡ ಹಿಂದಕ್ಕೆ ಜಾರಿ ಅಥವಾ ಎಗರಿ ಬರಬಹುದು. ಹಿಂದಕ್ಕೆ 45 ಡಿಗ್ರಿ ಓರೆಯಾಗಿ ಎಡಕ್ಕೊಂದು, ಬಲಕ್ಕೊಂದು ದಾರಿ ಮಾಡಿಕೊಳ್ಳಿ. ಪೊದೆ, ಬಳ್ಳಿ, ಕಲ್ಲು ಎಲ್ಲ ತೆಗೆದು ಒಂದು ಸಲ ನಡೆದು ನೋಡಿ. ಮರದ ಮೇಲಿನಿಂದ ಪಕ್ಕದ ಮರಕ್ಕೆ ಹಬ್ಬಿದ ಬಳ್ಳಿಯನ್ನೂ ನೋಡಿಕೊಳ್ಳಿ. ಒಂದು ದಪ್ಪ ಬಳ್ಳಿ ಸಾಕು, ಮರದ ದಿಕ್ಕು ತಪ್ಪಿಸಲು.

ಕಚ್ಚು, ಕೀಲು, ಹಿಂಬದಿಯ ಕೊಯ್ತ

ಬೀಳುವ ಕಡೆಗೆ ಬುಡದಲ್ಲಿ ತೆಗೆಯುವ ತ್ರಿಕೋನದ ತುಂಡು ಕಚ್ಚು. ಕಚ್ಚಿಗೂ ಹಿಂಬದಿಯ ಕೊಯ್ತಕ್ಕೂ ನಡುವೆ ಉಳಿಸುವ ಪಟ್ಟಿ ಕೀಲು. ಬಾಗಿಲು ತಿರುಗಣಿಯ ಮೇಲೆ ತಿರುಗುವ ಹಾಗೆ ಮರ ಈ ಕೀಲಿನ ಮೇಲೆ ತಿರುಗಿ ಬೀಳುತ್ತದೆ. ಕೀಲು ಇರುವವರೆಗೆ ಮರ ನಿಮ್ಮ ಮಾತು ಕೇಳುತ್ತದೆ. ಕೀಲು ಹೋದ ಮೇಲೆ ಮರ ಯಾರ ಮಾತೂ ಕೇಳುವುದಿಲ್ಲ.

ಅಳತೆ ಹೀಗೆ: ಕಚ್ಚಿನ ಆಳ ಮರದ ದಪ್ಪದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ. ಕೀಲಿನ ದಪ್ಪ ಹತ್ತನೇ ಒಂದು ಭಾಗ. ಕೀಲಿನ ಉದ್ದ ಸುಮಾರು ಶೇ. 80. 40 ಸೆಂ.ಮೀ. ಮರವಾದರೆ ಕಚ್ಚು 8ರಿಂದ 10 ಸೆಂ.ಮೀ. ಆಳ, ಕೀಲು 4 ಸೆಂ.ಮೀ. ದಪ್ಪ, 32 ಸೆಂ.ಮೀ. ಉದ್ದ.

1. ಬುಡದ ಸುತ್ತ ಮಣ್ಣು, ಕಲ್ಲು, ಗಟ್ಟಿ ತೊಗಟೆ ಸವರಿ. ಮಣ್ಣು ತಾಗಿದರೆ ಅರ ಹಾಕಿದ್ದೆಲ್ಲ ಒಂದೇ ಕ್ಷಣದಲ್ಲಿ ವ್ಯರ್ಥ. ಎಲ್ಲಿ ಕಚ್ಚು, ಎಲ್ಲಿ ಕೀಲು ಅಂತ ಸೀಮೆಸುಣ್ಣದಿಂದ ಗೆರೆ ಹಾಕಿ. ಅನುಭವಿಗಳೂ ಹಾಕುತ್ತಾರೆ.

2. ಮೊದಲು ಕಚ್ಚಿನ ಮೇಲಿನ ಓರೆ. ಮೇಲಿನಿಂದ ಕೆಳಕ್ಕೆ ಸುಮಾರು 60 ಡಿಗ್ರಿ ಇಳಿಜಾರಾಗಿ ಕೊಯ್ಯಿರಿ. ಹೆಚ್ಚಿನ ಮಷಿನ್‌ಗಳ ಮೈಮೇಲೆ ಬಾರ್‌ಗೆ ಅಡ್ಡವಾದ ಒಂದು ಗೆರೆ ಇರುತ್ತದೆ. ಅದು ತೋರಿಸುವ ಕಡೆಗೇ ಮರ ಬೀಳುತ್ತದೆ. ದೂರದಲ್ಲಿ ಒಂದು ಗುರುತು ಇಟ್ಟುಕೊಂಡು ಗೆರೆಯನ್ನು ಅದಕ್ಕೆ ಹೊಂದಿಸಿ.

3. ಆಮೇಲೆ ಕೆಳಗಿನ ಕೊಯ್ತ, ಅಡ್ಡಕ್ಕೆ ಅಥವಾ ಸ್ವಲ್ಪ ಮೇಲ್ಮುಖವಾಗಿ. ಎರಡೂ ಕೊಯ್ತ ಒಂದೇ ಗೆರೆಯಲ್ಲಿ ಸೇರಬೇಕು, ಒಂದು ಇನ್ನೊಂದನ್ನು ದಾಟಿ ಒಳಗೆ ಹೋಗಬಾರದು. ದಾಟಿದರೆ ಕೀಲಿನ ಆ ಭಾಗ ಕೊಯ್ದುಹೋಗಿ, ಮರ ಬೀಳುವಾಗ ಬೇಗ ಮುರಿಯುತ್ತದೆ. ಕಚ್ಚು 70 ಡಿಗ್ರಿಯಷ್ಟು ಅಗಲ ತೆರೆದಿದ್ದರೆ ಒಳ್ಳೆಯದು. ಕಚ್ಚಿನ ಎರಡು ಮುಖ ಕೂಡಿಕೊಂಡ ಕ್ಷಣ ಕೀಲು ಮುರಿಯುತ್ತದೆ. 45 ಡಿಗ್ರಿಯ ಕಚ್ಚಿನಲ್ಲಿ ಮರ ಅರ್ಧ ದಾರಿಯಲ್ಲಿ ಇರುವಾಗಲೇ ಹಾಗಾಗುತ್ತದೆ.

4. ಬದಿಗೆ ಹೋಗಿ ನಿಂತು, ಕಚ್ಚಿನ ಮೂಲೆಯಲ್ಲಿ ಬೆರಳಾಡಿಸಿ ನೋಡಿ. ಎಡ ತುದಿಯಿಂದ ಬಲ ತುದಿವರೆಗೆ ನೇರವಾಗಿ, ಒಂದೇ ಗೆರೆಯಾಗಿ ಸಿಗಬೇಕು. ಸೊಟ್ಟಗಿದ್ದರೆ ಈಗಲೇ ಸರಿಪಡಿಸಿ.

5. ಜೋರಾಗಿ ಕೂಗಿ ಎಚ್ಚರಿಸಿ. ಹಿಂಬದಿಯ ಕೊಯ್ತ ಶುರು ಮಾಡಿ. ಅಗಲ ಕಚ್ಚಾದರೆ ಅದರ ಮೂಲೆಯ ಮಟ್ಟದಲ್ಲೇ, 45 ಡಿಗ್ರಿ ಕಚ್ಚಾದರೆ 2ರಿಂದ 5 ಸೆಂ.ಮೀ. ಮೇಲೆ. ಆ ಮೆಟ್ಟಿಲು ಬುಡ ಹಿಂದಕ್ಕೆ ಜಾರದಂತೆ ತಡೆಯುತ್ತದೆ. ಕೊಯ್ತ ಕೀಲಿಗೆ ಸಮಾನಾಂತರವಾಗಿರಲಿ. ಒಂದು ಬದಿ ತೆಳುವಾದರೆ ಮರ ದಪ್ಪ ಉಳಿದ ಕಡೆಗೆ ಎಳೆದುಕೊಂಡು ತಿರುಗುತ್ತದೆ.

6. ಬಾರ್ ಪೂರ್ತಿ ಒಳಗೆ ಹೋಗಿ ಹಿಂದೆ ಜಾಗ ಸಿಕ್ಕ ಕೂಡಲೇ ಬೆಣೆ ಇಡಿ. ಪ್ಲಾಸ್ಟಿಕ್ ಅಥವಾ ಮರದ ಬೆಣೆಯೇ ಬೇಕು, ಕಬ್ಬಿಣದ್ದಾದರೆ ಚೈನ್ ತಾಗಿ ಹಲ್ಲು ಸಿಡಿಯುತ್ತದೆ. ಬೆಣೆ ಇದ್ದರೆ ಮರ ಹಿಂದಕ್ಕೆ ಕೂತು ಬಾರನ್ನು ಕಚ್ಚಿಕೊಳ್ಳುವುದಿಲ್ಲ.

7. ಕೀಲಿನ ಗೆರೆ ಬಂದ ತಕ್ಷಣ ನಿಲ್ಲಿಸಿ. ಮರ ಇನ್ನೂ ನಿಂತೇ ಇರಬಹುದು. ಇಲ್ಲೇ ಎಲ್ಲರಿಗೂ ಕೈ ತುರಿಸುವುದು, ಇನ್ನೊಂದು ಚೂರು ಕೊಯ್ದುಬಿಡೋಣ ಅಂತ. ಬೇಡ. ಮಷಿನ್ ತೆಗೆದು ಬೆಣೆ ಹೊಡೆಯಿರಿ.

ಬೆಣೆಯ ಲೆಕ್ಕ ಒಮ್ಮೆ ನೋಡಿ. 40 ಸೆಂ.ಮೀ. ದಪ್ಪ, 15 ಮೀಟರ್ ಎತ್ತರದ ಮರ. ಕೀಲಿನ ಮಧ್ಯದಿಂದ ಹಿಂದಿನ ಅಂಚಿಗೆ 30 ಸೆಂ.ಮೀ. ಹಿಂದಿನ ಅಂಚನ್ನು ಬೆಣೆ 2 ಸೆಂ.ಮೀ. ಎತ್ತಿದರೆ ನೆತ್ತಿ 1 ಮೀಟರ್ ಮುಂದಕ್ಕೆ ಸರಿಯುತ್ತದೆ. ಅಂದರೆ ಮರ ಹಿಂದಕ್ಕೆ ಅರ್ಧ ಮೀಟರ್ ವಾಲಿದ್ದರೆ ಬೆಣೆ ಸಾಕು. ಎರಡು ಮೂರು ಮೀಟರ್ ವಾಲಿದ್ದರೆ ಬೆಣೆಯನ್ನು ನಂಬಬೇಡಿ, ಮೇಲೆ ಹಗ್ಗ ಕಟ್ಟಿ ವಿಂಚ್‌ನಿಂದ ಎಳೆಸಿ. ಹಗ್ಗ ಮರದ ಎತ್ತರಕ್ಕಿಂತ ಉದ್ದವಿರಬೇಕು.

ಮರ ಅಲುಗಿದ ಕೂಡಲೇ ಮಷಿನ್ ಬ್ರೇಕ್ ಹಾಕಿ, ಮಾಡಿಟ್ಟ ದಾರಿಯಲ್ಲಿ ಹೊರಡಿ. ಕಣ್ಣು ಮೇಲಿರಲಿ. ಬಿದ್ದ ಮೇಲೂ ಒಂದೆರಡು ನಿಮಿಷ ಹತ್ತಿರ ಹೋಗಬೇಡಿ. ಪಕ್ಕದ ಮರಗಳಲ್ಲಿ ಸಿಕ್ಕಿದ ಕೊಂಬೆಗಳು ಆಮೇಲೆ ಉದುರುತ್ತವೆ.

ಮುಂದಕ್ಕೆ ವಾಲಿದ ಮರ, ಸಿಕ್ಕಿಕೊಂಡ ಮರ

ಬೀಳುವ ಕಡೆಗೇ ಜೋರಾಗಿ ವಾಲಿದ ಮರ ಸುಲಭ ಅನ್ನಿಸುತ್ತದೆ, ಆದರೆ ಅಲ್ಲ. ಹಿಂದಿನಿಂದ ಕೊಯ್ಯುತ್ತಾ ಬಂದರೆ ಅರ್ಧಕ್ಕೇ ಮರ ಹೊರಡುತ್ತದೆ. ಕಾಂಡ ಉದ್ದಕ್ಕೆ ಸೀಳಿ, ಹಿಂದಿನ ಹೋಳು ಮೇಲೆದ್ದು ಕೊಯ್ಯುವವರ ಎದೆಗೋ ಮುಖಕ್ಕೋ ಬಡಿಯುತ್ತದೆ. ಇದಕ್ಕೆ ದಾರಿ ಎಂದರೆ ಬಾರನ್ನು ಕಾಂಡದೊಳಕ್ಕೆ ಚುಚ್ಚಿ ಕೊಯ್ಯುವುದು. ಕಚ್ಚು ಹಾಕಿದ ಮೇಲೆ ಕೀಲಿನ ಹಿಂದೆ ಬಾರ್ ತೂರಿಸಿ, ಕೀಲು ಸರಿಯಾದ ದಪ್ಪಕ್ಕೆ ಬಂದ ಮೇಲೆ ಹಿಂದಕ್ಕೆ ಕೊಯ್ಯುತ್ತಾ, ಕೊನೆಯಲ್ಲಿ ಹಿಂಭಾಗದ ಒಂದು ಪಟ್ಟಿ ಮಾತ್ರ ಉಳಿಸಬೇಕು. ಮರವನ್ನು ಹಿಡಿದಿಟ್ಟಿರುವುದು ಆ ಪಟ್ಟಿ. ಬೆಣೆ, ಓಡುವ ದಾರಿ ಎಲ್ಲ ನೋಡಿಕೊಂಡು, ಕೊನೆಗೆ ಅದನ್ನು ಹೊರಗಿನಿಂದ ಕೊಯ್ದರೆ ಮರ ಒಮ್ಮೆಗೇ ಹೋಗುತ್ತದೆ. ಬಾರ್ ಚುಚ್ಚುವಾಗ ತುದಿಯ ಕೆಳಭಾಗದಿಂದ ಶುರು ಮಾಡಬೇಕು, ಮೇಲ್ಭಾಗ ತಾಗಿದರೆ ಕಿಕ್. ಮೊದಲು ಬಿದ್ದ ದಿಮ್ಮಿಯಲ್ಲಿ ಕೈ ಪಳಗಿಸಿಕೊಳ್ಳಿ. ನಿಂತ ಮರದಲ್ಲಿ ಕಲಿಯುವುದಲ್ಲ ಇದು.

ಬೀಳುತ್ತಾ ಪಕ್ಕದ ಮರಕ್ಕೆ ಸಿಕ್ಕಿಕೊಂಡ ಮರದ ಕೆಳಗೆ ಹೋಗಲೇಬೇಡಿ. ತಡೆದಿರುವ ಮರವನ್ನು ಕಡಿಯುವುದು, ಸಿಕ್ಕಿದ ಮರದ ಮೇಲೆ ಹತ್ತುವುದು, ಇನ್ನೊಂದು ಮರವನ್ನು ಅದರ ಮೇಲೆ ಬೀಳಿಸುವುದು, ಮೂರೂ ಜೀವ ತೆಗೆಯುವ ಉಪಾಯಗಳು. ಬುಡಕ್ಕೆ ಉದ್ದ ಹಗ್ಗ ಕಟ್ಟಿ ದೂರದಿಂದ ಹಿಂದಕ್ಕೆ ಎಳೆಸಿ. ಆಗದಿದ್ದರೆ ಸುತ್ತಲೂ ಹಗ್ಗ ಕಟ್ಟಿ ಯಾರೂ ಬರದಂತೆ ಮಾಡಿ, ತಿಳಿದವರನ್ನು ಕರೆಯಿರಿ.

ಗಾಳಿಗೆ ಬಿದ್ದ ಮರ

ಹೇಗೂ ಬಿದ್ದಿದೆ, ಇನ್ನೇನು ಭಯ ಅಂತ ಅನ್ನಿಸಬಹುದು. ಆದರೆ ನಿಂತ ಮರಕ್ಕಿಂತ ಬಿದ್ದ ಮರದಲ್ಲಿ ಬಿಗಿ ಜಾಸ್ತಿ. ಬಾಗಿದ ಮರದಲ್ಲಿ ಒಂದು ಕಡೆ ನಾರು ಅದುಮಿಕೊಂಡಿರುತ್ತದೆ, ಇನ್ನೊಂದು ಕಡೆ ಎಳೆದುಕೊಂಡಿರುತ್ತದೆ. ಅದುಮಿದ ಕಡೆ ಆಳಕ್ಕೆ ಕೊಯ್ದರೆ ಬಾರ್ ಕಚ್ಚಿಕೊಳ್ಳುತ್ತದೆ. ಎಳೆದ ಕಡೆ ಮೊದಲೇ ಕೊಯ್ದರೆ ಮರ ಸಿಡಿಯುತ್ತದೆ.

ದಿಮ್ಮಿ ಎರಡೂ ತುದಿಗೆ ಆಧಾರ ಸಿಕ್ಕು ನಡುವೆ ಜೋಲುತ್ತಿದ್ದರೆ ಮೇಲ್ಭಾಗ ಅದುಮಿದ್ದು, ಕೆಳಭಾಗ ಎಳೆದದ್ದು. ಮೇಲಿನಿಂದ ಮೂರನೇ ಒಂದು ಭಾಗದಷ್ಟು ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಮುಗಿಸಿ. ಒಂದು ತುದಿ ಆಧಾರವಿಲ್ಲದೆ ಚಾಚಿದ್ದರೆ ಇದರ ಉಲ್ಟಾ: ಮೊದಲು ಕೆಳಗಿನಿಂದ, ಆಮೇಲೆ ಮೇಲಿನಿಂದ. ಯಾವುದು ಅಂತ ಗೊತ್ತಾಗದಿದ್ದರೆ ಒಂದಿಷ್ಟು ಕೊಯ್ದು ಸೀಳನ್ನೇ ನೋಡುತ್ತಿರಿ. ಸೀಳು ಅಗಲವಾಗುತ್ತಿದ್ದರೆ ಅದು ಎಳೆದ ಕಡೆ, ಕಿರಿದಾಗುತ್ತಿದ್ದರೆ ಅದುಮಿದ ಕಡೆ. ಅಡ್ಡಕ್ಕೆ ಬಿಲ್ಲಿನಂತೆ ಬಾಗಿದ್ದರೆ ಬಾಗಿನ ಒಳಬದಿಯಲ್ಲಿ ನಿಲ್ಲಿ. ಸಿಡಿದರೆ ಅದು ಹೊರಬದಿಗೆ ಹೋಗುತ್ತದೆ.

ದೊಡ್ಡ ಮರದಡಿ ಸಿಕ್ಕಿ ಬಾಗಿದ ಸಣ್ಣ ಗಿಡಗಳನ್ನೂ ಸುಮ್ನೆ ಕತ್ತರಿಸಬೇಡಿ. ಬಾಗಿನ ಒಳಬದಿಯನ್ನು ಸ್ವಲ್ಪ ಸ್ವಲ್ಪವೇ ಕೆರೆಯುತ್ತಾ ಹೋದರೆ ಬಿಗಿ ನಿಧಾನವಾಗಿ ಬಿಡುತ್ತದೆ.

ಬುಡಮೇಲಾದ ಮರದ ಬೇರು ಮಣ್ಣಿನ ಸಮೇತ ಗೋಡೆಯಂತೆ ನಿಂತಿರುತ್ತದೆ. ಕಾಂಡ ಕೊಯ್ದ ಕ್ಷಣ ಅದು ಧಡಕ್ಕನೆ ಗುಂಡಿಗೆ ವಾಪಸ್ ಕೂರಬಹುದು, ಇಲ್ಲವೇ ನಿಮ್ಮ ಕಡೆಗೇ ಉರುಳಬಹುದು. ಮಕ್ಕಳು, ನಾಯಿ ಯಾರೂ ಆ ಗುಂಡಿಯ ಹತ್ತಿರ ಇರಬಾರದು. ಬೇರಿನ ಪಕ್ಕದಲ್ಲೇ ಕೊಯ್ಯಬೇಡಿ. ಒಂದೆರಡು ಮೀಟರ್ ಕಾಂಡ ಬಿಟ್ಟು ಕೊಯ್ದರೆ ಬೇರು ಮುಂದಕ್ಕೆ ಉರುಳದಂತೆ ಆ ಮೋಟು ತಡೆಯುತ್ತದೆ.

ಕೊಂಬೆ ಸವರುವುದು, ತುಂಡು ಮಾಡುವುದು

ಬುಡದಿಂದ ತುದಿಯ ಕಡೆಗೆ ಹೋಗಿ. ಆದಷ್ಟು ಮಟ್ಟಿಗೆ ಕಾಂಡ ನಿಮಗೂ ಬಾರ್‌ಗೂ ನಡುವೆ ಇರಲಿ, ಮಷಿನ್‌ನ ಭಾರ ಕಾಂಡದ ಮೇಲಿರಲಿ. ಇಳಿಜಾರಿನಲ್ಲಿ ಯಾವಾಗಲೂ ಮೇಲ್ಬದಿಯಲ್ಲಿ ನಿಲ್ಲಿ. ನೆಲಕ್ಕೆ ಊರಿ ಕಾಂಡವನ್ನು ಎತ್ತಿ ಹಿಡಿದಿರುವ ಕೊಂಬೆಗಳನ್ನು ಕೊನೆಗೆ ತೆಗೆಯಿರಿ. ಅವು ಇರುವವರೆಗೆ ದಿಮ್ಮಿ ಉರುಳುವುದಿಲ್ಲ, ಬಾರ್‌ಗೂ ಮಣ್ಣು ತಾಗುವುದಿಲ್ಲ.

ಸೌದೆಗಾದರೆ ಹಸಿ ಇರುವಾಗಲೇ ತುಂಡು ಮಾಡಿ ಸೀಳಿಬಿಡಿ. ಕೆಳಗೆ ಅಡ್ಡ ಮರ ಕೊಟ್ಟು, ಗಾಳಿಯಾಡುವಂತೆ ಒಟ್ಟಿ, ಮೇಲೆ ಮಾತ್ರ ಮುಚ್ಚಿ. ತೇವಾಂಶ ಶೇ. 20ಕ್ಕಿಂತ ಕಮ್ಮಿಯಾದರೆ ಹೆಚ್ಚು ಹೊಗೆ ಇಲ್ಲದೆ ಉರಿಯುತ್ತದೆ.

ಟ್ರ್ಯಾಕ್ಟರ್‌ನಿಂದ ಎಳೆಯುವುದು

ದಿಮ್ಮಿಯ ಸರಪಳಿಯನ್ನು ಡ್ರಾಬಾರ್‌ಗೇ (ಟ್ರ್ಯಾಕ್ಟರ್‌ನ ಹಿಂದೆ ಕೆಳಗಿರುವ, ಎಳೆಯಲೆಂದೇ ಇರುವ ಪಟ್ಟಿ) ಕಟ್ಟಿ. ಹಿಂದಿನ ಆಕ್ಸಲ್‌ಗಿಂತ ಮೇಲೆ, ಸೀಟಿನ ಹಿಂದೆ ಎಲ್ಲಾದರೂ ಕಟ್ಟಿದರೆ ದಿಮ್ಮಿ ಬೇರಿಗೋ ಕಲ್ಲಿಗೋ ಸಿಕ್ಕಾಗ ಹಿಂದಿನ ಚಕ್ರ ನಿಂತು ಮುಂಭಾಗ ಮೇಲೇಳುತ್ತದೆ. ಕ್ಲಚ್ ಒತ್ತಬೇಕು ಅಂತ ಹೊಳೆಯುವ ಮೊದಲೇ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿರುತ್ತದೆ, ಎಲ್ಲ ಮುಗಿಯಲು ಒಂದೆರಡು ಸೆಕೆಂಡ್ ಸಾಕು. ರಕ್ಷಣಾ ಚೌಕಟ್ಟು ಇದ್ದರೆ ಅದನ್ನು ಮಡಚದೆ ನಿಲ್ಲಿಸಿ, ಸೀಟ್ ಬೆಲ್ಟ್ ಹಾಕಿ.

ಜರ್ಕ್ ಕೊಡದೆ ಎಳೆಯಿರಿ. ಬಿಗಿದ ಹಗ್ಗದ, ಸರಪಳಿಯ ನೇರಕ್ಕೆ ಯಾರೂ ನಿಲ್ಲಬಾರದು. ದಿಮ್ಮಿಯ ಮುಂದಿನ ತುದಿ ನೆಲದಿಂದ ಸ್ವಲ್ಪ ಎದ್ದಿದ್ದರೆ ಮಣ್ಣು ಕೆತ್ತುವುದು ಕಮ್ಮಿ. ಸೌದೆ ಸೀಳುವ, ಸೊಪ್ಪು ಕತ್ತರಿಸುವ ಯಂತ್ರವನ್ನು ಪಿಟಿಒಗೆ (ಟ್ರ್ಯಾಕ್ಟರ್ ಎಂಜಿನ್‌ನ ಶಕ್ತಿಯನ್ನು ಬೇರೆ ಯಂತ್ರಕ್ಕೆ ಕೊಡುವ ತಿರುಗುವ ಶಾಫ್ಟ್) ಜೋಡಿಸುವುದಾದರೆ ಶಾಫ್ಟ್‌ನ ಪ್ಲಾಸ್ಟಿಕ್ ಕವಚ ಇರಲೇಬೇಕು. 540 ಆರ್‌ಪಿಎಂ ಅಂದರೆ ಸೆಕೆಂಡಿಗೆ 9 ಸುತ್ತು. ಅಂಗಿಯ ತೋಳು ಒಮ್ಮೆ ಸಿಕ್ಕರೆ ಬಿಡಿಸಿಕೊಳ್ಳಲು ಸಮಯವಿಲ್ಲ.

ನೆಲ ಒಣಗಿದ್ದಾಗಲೇ ಎಳೆಯಿರಿ. ಮಣ್ಣು ಗಟ್ಟಿಯಾಗುವುದರಲ್ಲಿ ಹೆಚ್ಚಿನ ಪಾಲು ಚಕ್ರದ ಮೊದಲ ಒಂದೆರಡು ಓಡಾಟದಲ್ಲೇ ಆಗಿಬಿಡುತ್ತದೆ. ಆದ್ದರಿಂದ ಜಮೀನಿನ ತುಂಬ ಅಡ್ಡಾಡದೆ ಒಂದೇ ಜಾಡು ಹಿಡಿಯಿರಿ. ಸವರಿದ ಸೊಪ್ಪನ್ನು ಜಾಡಿನ ಮೇಲೆ ಹಾಸಿದರೆ ಇನ್ನೂ ಒಳ್ಳೆಯದು. ಇಳಿಜಾರಿನಲ್ಲಿ ನೇರ ಕೆಳಕ್ಕೆ ಎಳೆದ ಜಾಡು ಮಳೆ ಬಂದಾಗ ಕಾಲುವೆಯಾಗುತ್ತದೆ. ಕೆಲಸ ಮುಗಿದ ದಿನವೇ ಅಲ್ಲಲ್ಲಿ ಓರೆಯಾಗಿ ಬದು ಹಾಕಿ ನೀರನ್ನು ಪಕ್ಕಕ್ಕೆ ತಿರುಗಿಸಿ.

ಉಳಿಸುವ ಮರದ ಕೊಂಬೆ

ನೆರಳು ಕಮ್ಮಿ ಮಾಡಲು ಅಥವಾ ದಾರಿ ಬಿಡಿಸಲು ಕೊಂಬೆ ಮಾತ್ರ ತೆಗೆಯುವುದಾದರೆ ಮೂರು ಕೊಯ್ತ ಬೇಕು. ಕಾಂಡದಿಂದ ಸುಮಾರು 30 ಸೆಂ.ಮೀ. ಆಚೆ ಕೆಳಗಿನಿಂದ ಕಾಲುಭಾಗದಷ್ಟು ಮೊದಲನೆಯದು. ಅದರಿಂದ ಎರಡು ಮೂರು ಬೆರಳು ಆಚೆ ಮೇಲಿನಿಂದ ಎರಡನೆಯದು. ಆಗ ಕೊಂಬೆ ಕಾಂಡದ ತೊಗಟೆಯನ್ನು ಸುಲಿದುಕೊಂಡು ಹೋಗದೆ ಬೀಳುತ್ತದೆ. ಕೊನೆಗೆ ಉಳಿದ ಮೋಟನ್ನು ತೆಗೆಯುವುದು ಮೂರನೆಯದು.

ಈ ಮೂರನೆಯದರಲ್ಲೇ ಹೆಚ್ಚಿನವರು ತಪ್ಪುವುದು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ತೊಗಟೆ ಉಂಗುರದಂತೆ ಉಬ್ಬಿರುತ್ತದೆ. ಕಾಂಡಕ್ಕೆ ಸಪಾಟಾಗಿ ಕೊಯ್ದರೆ ಚೆಂದ ಕಾಣುತ್ತದೆ, ಆದರೆ ಆ ಉಬ್ಬು ಹೋಗಿಬಿಡುತ್ತದೆ. ಉದ್ದ ಮೋಟು ಬಿಟ್ಟರೂ ಅದು ಕೊಳೆತು ಒಳಕ್ಕೆ ಇಳಿಯುತ್ತದೆ. ಉಬ್ಬನ್ನು ಬಿಟ್ಟು ಅದರ ಅಂಚಿನ ಹೊರಗೆ ಕೊಯ್ಯಬೇಕು. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶಿಗೊ ಸಾವಿರಾರು ಮರಗಳನ್ನು ಚೈನ್ ಸಾದಿಂದಲೇ ಉದ್ದಕ್ಕೆ ಸೀಳಿ ನೋಡಿ ತೋರಿಸಿದ್ದು ಇದನ್ನೇ. ಮರ ಗಾಯವನ್ನು ನಮ್ಮ ಚರ್ಮದ ಹಾಗೆ ವಾಸಿ ಮಾಡಿಕೊಳ್ಳುವುದಿಲ್ಲ. ಗಾಯದ ಸುತ್ತ ಒಳಗೇ ಗೋಡೆ ಕಟ್ಟಿ ಕೊಳೆಯನ್ನು ಅಲ್ಲಿಗೇ ನಿಲ್ಲಿಸುತ್ತದೆ, ಮೇಲೆ ಹೊಸ ಮರ ಬೆಳೆದು ಮುಚ್ಚುತ್ತದೆ. ಗಾಯಕ್ಕೆ ಪೇಂಟ್, ಡಾಂಬರು ಬಳಿದರೆ ಕೊಳೆಯುವುದು ನಿಲ್ಲುವುದಿಲ್ಲ. ದುಡ್ಡು ದಂಡ.

ಬೊಡ್ಡೆ, ಸೊಪ್ಪು

ಬೊಡ್ಡೆ ಕೀಳಲೇಬೇಕೇ ಅಂತ ಮೊದಲು ಯೋಚಿಸಿ. ಉಳುಮೆಗೆ, ಕಟ್ಟಡಕ್ಕೆ ಅಡ್ಡಿ ಇಲ್ಲದಿದ್ದರೆ ನೆಲಮಟ್ಟಕ್ಕೆ ಕೊಯ್ದು ಬಿಟ್ಟುಬಿಡಿ, ಬೇರು ಮಣ್ಣನ್ನು ಹಿಡಿದಿರುತ್ತದೆ. ಹಳ್ಳದ ದಂಡೆಯಲ್ಲಿ, ಕಡಿದಾದ ಇಳಿಜಾರಿನಲ್ಲಿ ಕೀಳಲೇಬಾರದು. ಬೆಂಕಿ ಹಾಕಿ ಸುಡುವುದಂತೂ ನನಗೆ ಇಷ್ಟವಿಲ್ಲ. ಬೇರಿನೊಳಗೆ ಕೆಂಡ ದಿನಗಟ್ಟಲೆ ಉಳಿದು ಎಲ್ಲೋ ದೂರದಲ್ಲಿ ಹೊತ್ತಿಕೊಳ್ಳಬಹುದು.

ಸಣ್ಣ ಸೊಪ್ಪನ್ನು ಇಳಿಜಾರಿಗೆ ಅಡ್ಡಲಾಗಿ ಸಾಲು ಒಟ್ಟಿದರೆ ಮಣ್ಣು ಅಲ್ಲೇ ನಿಲ್ಲುತ್ತದೆ. ಉಳಿದ ಮರಗಳ ಬುಡಕ್ಕೆ ಮಾತ್ರ ರಾಶಿ ಹಾಕಬೇಡಿ.

ನೀಲಗಿರಿಯಂಥ ಮರಗಳ ಬೊಡ್ಡೆ ಮತ್ತೆ ಚಿಗುರುತ್ತದೆ. ಚಿಗುರು ಬೇಕಿದ್ದರೆ ಬೊಡ್ಡೆಯ ಮೇಲ್ಮೈಯನ್ನು ನೀರು ಜಾರುವಂತೆ ಸ್ವಲ್ಪ ಓರೆಯಾಗಿ, ತೊಗಟೆ ಕಿತ್ತುಬರದಂತೆ ನುಣ್ಣಗೆ ಕೊಯ್ಯಬೇಕು. ಹತ್ತಾರು ಚಿಗುರು ಒಟ್ಟಿಗೇ ಬರುತ್ತವೆ. ಅವು ಒಂದಾಳು ಎತ್ತರ ಬಂದಾಗ ಬೊಡ್ಡೆಯ ಕೆಳಭಾಗದಿಂದ, ಗಾಳಿ ಬೀಸುವ ಕಡೆಯಿಂದ ಹೊರಟ ಗಟ್ಟಿಯಾದ ಒಂದೆರಡನ್ನು ಬಿಟ್ಟು ಉಳಿದದ್ದನ್ನು ಸವರಿ. ಮೇಲ್ಭಾಗದ ಅಂಚಿನಲ್ಲಿ ಹುಟ್ಟಿದ ಚಿಗುರು ಎಷ್ಟೇ ದಪ್ಪಗಿದ್ದರೂ ಮುಂದೆ ಗಾಳಿಗೆ ಬುಡದಿಂದ ಕಿತ್ತುಬರುತ್ತದೆ. ದನ, ಆಡು ಮೇಯುವ ಕಡೆಯಾದರೆ ಚಿಗುರು ಬಾಯಿಗೆ ಎಟುಕದಷ್ಟು ಎತ್ತರವಾಗುವವರೆಗೆ ಸುತ್ತ ಮುಳ್ಳು ಒತ್ತಿಡಿ.